ಎಡಗೈ-ಬಲಗೈ ಅಣುಗಳಿಗೆ ಮೆಕ್ಯಾನಿಕಲ್‌ನವರೂ ಬೇಕು

ಕೆಮಿಸ್ಟ್ರಿ ಸೈಕಲ್ ಮುಗಿದ ದಿನ "ಅಬ್ಬಾ, ಇನ್ನು ಇದರ ಸಹವಾಸ ಇಲ್ಲ" ಅನ್ನೋರೇ ನಮ್ಮಲ್ಲಿ ಜಾಸ್ತಿ. ವೆನೇಡಿಯಂ ಅಂದ್ರೆ ನೆನಪಲ್ಲಿ ಉಳಿದಿರೋದು ಒಂದೇ ಸಾಲು: ಸಲ್ಫ್ಯೂರಿಕ್ ಆಸಿಡ್ ತಯಾರಿಕೆಯಲ್ಲಿ ವೆನೇಡಿಯಂ ಪೆಂಟಾಕ್ಸೈಡ್ ಕ್ಯಾಟಲಿಸ್ಟ್. ಎರಡು ಮಾರ್ಕ್ಸ್, ಕಥೆ ಮುಗೀತು. ಆದರೆ ಅದೇ ವೆನೇಡಿಯಂನ ಇನ್ನೊಂದು ಕೆಲಸ ನೋಡಿದರೆ, "ನಮ್ಮ ಬ್ರಾಂಚ್‌ಗೂ ಕೆಮಿಸ್ಟ್ರಿಗೂ ಏನ್ರೀ ಸಂಬಂಧ" ಅನ್ನೋ ಮಾತು ನಿಲ್ಲೋದಿಲ್ಲ ಅಂತ ನನ್ನ ವಾದ.

ನಮ್ಮ ಎರಡು ಕೈಗಳ ಹಾಗೆ ಕೆಲವು ಅಣುಗಳಿಗೂ ಎಡ-ಬಲ ರೂಪಗಳಿವೆ. ಸೂತ್ರ ಒಂದೇ, ಆದರೆ ಒಂದರ ಮೇಲೊಂದು ಇಟ್ಟರೆ ಹೊಂದೋದಿಲ್ಲ. ಇವೇ ಕೈರಲ್ ಅಣುಗಳು. ನಮ್ಮ ದೇಹದ ಪ್ರೋಟೀನ್‌ಗಳೂ ಒಂದೇ ಕೈಯ ಅಮೈನೋ ಆಮ್ಲಗಳಿಂದ ಆದವು. ಹಾಗಾಗಿ ಔಷಧಿಯ ಒಂದು ರೂಪ ಮಾಡುವ ಕೆಲಸವನ್ನು ಇನ್ನೊಂದು ರೂಪ ಮಾಡುತ್ತದೆ ಅನ್ನೋ ಭರವಸೆ ಇಲ್ಲ. ಮಾಮೂಲಿ ಉತ್ಕರ್ಷಣೆಯಲ್ಲಿ ಎರಡೂ ಅರ್ಧರ್ಧ ಸಿಗುತ್ತವೆ. ಒಂದೇ ಬೇಕು ಅಂದರೆ ವೆನೇಡಿಯಂಗೆ ಒಂದು ಕೈರಲ್ ಲಿಗ್ಯಾಂಡ್ ಕಟ್ಟಬೇಕು. ಅದು ಒಂದು ಮಗ್ಗುಲನ್ನು ಮರೆಮಾಡುತ್ತದೆ. ಆಕ್ಸಿಜನ್ ಹೆಚ್ಚಾಗಿ ಇನ್ನೊಂದು ಮಗ್ಗುಲಿಂದ ಬಂದು ಸೇರುತ್ತದೆ.

1995ರಲ್ಲಿ ಜರ್ಮನಿಯ ಕಾರ್ಸ್ಟನ್ ಬೋಲ್ಮ್ ಮತ್ತು ಫ್ರಾಂಕ್ ಬೀನೆವಾಲ್ಡ್ ಇದನ್ನು ತುಂಬಾ ಸರಳವಾಗಿ ಮಾಡಿ ತೋರಿಸಿದರು. ಶಿಫ್ ಬೇಸ್ ಲಿಗ್ಯಾಂಡ್, ಶೇಕಡಾ 1ಕ್ಕಿಂತ ಕಡಿಮೆ ವೆನೇಡಿಯಂ, ಆಕ್ಸಿಜನ್ ಕೊಡೋದಕ್ಕೆ ಹೈಡ್ರೋಜನ್ ಪೆರಾಕ್ಸೈಡ್. ಆಕ್ಸಿಜನ್ ಕೊಟ್ಟ ಮೇಲೆ ಪೆರಾಕ್ಸೈಡ್‌ನಿಂದ ಉಳಿಯೋದು ಬರೀ ನೀರು.

1998ರಲ್ಲಿ ಬರ್ಕ್ಲಿಯ ಜೊನಾಥನ್ ಎಲ್ಮನ್ ತಂಡ ಇದೇ ದಾರಿ ಹಿಡಿದು, ಕೈರಲ್ ಅಮೈನ್‌ಗಳ ತಯಾರಿಕೆಗೆ ಬೇಕಾದ ಟರ್ಟ್-ಬ್ಯೂಟೇನ್‌ಸಲ್ಫಿನಮೈಡ್ ಮಾಡಿತು. ಸುಮಾರು 400 ಅಣುಗಳಿಗೆ ಒಂದೇ ಒಂದು ವೆನೇಡಿಯಂ. ಉತ್ಕರ್ಷಣೆಯ ಹಂತದಲ್ಲಿ ಎನಾನ್ಶಿಯೊಮೆರಿಕ್ ಎಕ್ಸೆಸ್ 91%, ಅಂದರೆ 100 ಅಣುಗಳಲ್ಲಿ 95-96 ನಮಗೆ ಬೇಕಾದ ಕೈಯವು. ಪರೀಕ್ಷೆಯಲ್ಲಾದರೆ ಇಲ್ಲಿಗೇ ಫುಲ್ ಮಾರ್ಕ್ಸ್!

ಅಸಲಿ ಪ್ರಶ್ನೆ ಶುರುವಾಗೋದು ಇಲ್ಲಿಂದಲೇ. ಕಚ್ಚಾವಸ್ತು ಇದ್ದದ್ದು ಕ್ಲೋರೋಫಾರ್ಮ್‌ನಲ್ಲಿ, ಪೆರಾಕ್ಸೈಡ್ ಇದ್ದದ್ದು ನೀರಿನಲ್ಲಿ. ಎರಡೂ ಬೆರೆಯೋದಿಲ್ಲ. ಹೀಗಿದ್ದಾಗ ಕ್ರಿಯೆ ಹೇಗೆ ನಡೆಯುತ್ತದೆ ಅನ್ನೋದು ಎಷ್ಟು ಚೆನ್ನಾಗಿ ಕಲಕುತ್ತೀರಿ ಅನ್ನೋದರ ಮೇಲೂ ನಿಂತಿರುತ್ತದೆ. 2003ರಲ್ಲಿ ಎಲ್ಮನ್ ಮತ್ತು ಡೇನಿಯಲ್ ವೀಕ್ಸ್ ದೊಡ್ಡ ಪ್ರಮಾಣಕ್ಕೆ ಒಗ್ಗುವ ವಿಧಾನ ಪ್ರಕಟಿಸಿದಾಗ ಬದಲಾದದ್ದೇನು ನೋಡಿ: ಎಲ್ಲವೂ ಒಂದೇ ದ್ರವದಲ್ಲಿ ಕರಗುವಂತೆ ಅಸಿಟೋನ್, ಅಗ್ಗದ ಲಿಗ್ಯಾಂಡ್, ಕಡಿಮೆ ದ್ರಾವಕ. ಲೋಹ ಅದೇ ವೆನೇಡಿಯಂ. ಅಳಿದುಳಿದ ತಪ್ಪು ಕೈಯ ಅಣುಗಳನ್ನು ಕೊನೆಗೆ ಹರಳುಗಟ್ಟಿಸಿ ಬೇರ್ಪಡಿಸಬಹುದು.

ಇನ್ನು ಶಾಖದ ಲೆಕ್ಕ. ಪಾತ್ರೆಯ ಉದ್ದ, ಅಗಲ, ಎತ್ತರ ಮೂರನ್ನೂ 10 ಪಟ್ಟು ಮಾಡಿದರೆ ಗಾತ್ರ 1000 ಪಟ್ಟು ಆಗುತ್ತದೆ, ಶಾಖ ಹೊರಹೋಗುವ ಮೇಲ್ಮೈ ಮಾತ್ರ 100 ಪಟ್ಟು. ಲೋಹ ಇರುವ ಕಡೆ ಪೆರಾಕ್ಸೈಡ್ ಒಡೆದು ಆಕ್ಸಿಜನ್ ಅನಿಲ, ಬಿಸಿ ಎರಡೂ ಹೊರಬರಬಹುದು. ಪಕ್ಕದಲ್ಲೇ ಅಸಿಟೋನ್ ಇದೆ. ಅದಕ್ಕೇ ತಣ್ಣಗಿಟ್ಟು ಪೆರಾಕ್ಸೈಡನ್ನು ನಿಧಾನವಾಗಿ ಬಿಡೋದು. ಇಲ್ಲಿ ಎಡವಟ್ಟಾದರೆ ಹೋಗೋದು ಮಾರ್ಕ್ಸ್ ಅಲ್ಲ, ರಿಯಾಕ್ಟರ್ ಪಕ್ಕ ನಿಂತಿರೋರ ಜೀವ. ಕಲಕುವ ಬ್ಲೇಡ್ ವಿನ್ಯಾಸ ಮಾಡೋರು ಯಾರು? ತಾಪಮಾನ ಏರಿದ ಕೂಡಲೇ ವಾಲ್ವ್ ಮುಚ್ಚುವ ಕಂಟ್ರೋಲ್ ಬರೆಯೋರು ಯಾರು? ನಾವೇ ತಾನೆ!

"ಎಲ್ಲರಿಗೂ ಎಲ್ಲಾ ವಿಷಯ ಯಾಕೆ, ಸಿಲಬಸ್ ಈಗಲೇ ಭಾರ" ಅಂತೀರಾ? ಒಪ್ಪುತ್ತೇನೆ. ಹೊಸ ಅಧ್ಯಾಯ ಬೇಡ. ಕೆಮಿಸ್ಟ್ರಿ ಲ್ಯಾಬ್‌ನ ಪ್ರತಿ ಪ್ರಯೋಗದ ಕೊನೆಗೆ ಒಂದೇ ಒಂದು ಪ್ರಶ್ನೆ ಸೇರಿಸಿ ಸಾಕು: "ಇದನ್ನೇ 500 ಲೀಟರ್‌ನಲ್ಲಿ ಮಾಡಬೇಕಾದರೆ ಮೊದಲು ಏನು ಕೈಕೊಡುತ್ತದೆ?" ಉತ್ತರ ಹುಡುಕೋಕೆ ಮೂರು ಬ್ರಾಂಚ್‌ನವರು ಒಟ್ಟಿಗೆ ಕೂರಲಿ. ವೈವಾದಲ್ಲಿ ಅದನ್ನೇ ಕೇಳಲಿ. ಉರು ಹೊಡೆದ ಆ ಎರಡು ಮಾರ್ಕ್ಸ್ ಸಾಲಿಗಿಂತ ಇದು ಹೆಚ್ಚು ದಿನ ತಲೆಯಲ್ಲಿ ಉಳಿಯುತ್ತದೆ.