ಅರ್ಧ ನಿಮಿಷದ ಸೈರಣೆ

ಬೆಂಗಳೂರಿನಲ್ಲಿ ಸೈಕಲ್ ಪಥದ ಮಾತು ಎದ್ದಾಗಲೆಲ್ಲ, ತೆರಿಗೆ ಕಟ್ಟದವರಿಗೆ ರಸ್ತೆಯಲ್ಲಿ ಪಾಲೇಕೆ, ಲೈಸೆನ್ಸ್ ಇಲ್ಲದವರಿಗೆ ಹಕ್ಕೇಕೆ, ಸಿಗ್ನಲ್ಲಿಗೆ ನಿಲ್ಲದವರಿಗಾಗಿ ನಾವೇಕೆ ನಿಧಾನಿಸಬೇಕು ಎಂಬ ಪ್ರಶ್ನೆಗಳು ಮೋಟಾರು ವಾಹನದವರ ಕಡೆಯಿಂದ ಒಂದರ ಬೆನ್ನಿಗೊಂದು ಬಂದೇ ಬರುತ್ತವೆ. 2020ರಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯದವರು ಹೊರವರ್ತುಲ ರಸ್ತೆಯ ಅಂಚಿನಲ್ಲಿ ಗೂಟಗಳನ್ನು ನೆಟ್ಟು ಸೈಕಲ್ಲಿಗೆಂದೇ ಒಂದು ಪಥವನ್ನು ಬೇರ್ಪಡಿಸಿದಾಗಲೂ ಈ ವಾದವೇ ನಡೆಯಿತು. ಆ ಪಥ ಉಳಿಯಲಿಲ್ಲ. ಗೂಟಗಳು ಮುರಿದವು, ಬೈಕುಗಳು ಒಳನುಗ್ಗಿದವು, ಮಿಕ್ಕುದನ್ನು ಮೆಟ್ರೋ ಕಾಮಗಾರಿ ನುಂಗಿತು. ಪ್ರತ್ಯೇಕ ದಾರಿ ಇಲ್ಲವೆಂದ ಮೇಲೆ ಇರುವ ಒಂದೇ ಟಾರಿನ ಮೇಲೆ ಲಾರಿಯೂ ಸೈಕಲ್ಲೂ ಕೂಡಿ ಸಾಗಬೇಕಾಗಿದೆ. ಇಂತಿರುವಲ್ಲಿ ದಾಕ್ಷಿಣ್ಯವೆಂಬುದು ಪ್ರಾಣರಕ್ಷಣೆಯ ವಿಷಯವಾಗಿಬಿಟ್ಟಿದೆ.

ತೆರಿಗೆಯ ಮಾತನ್ನು ಬೇಗ ಮುಗಿಸಬಹುದು. ನಗರದ ಬೀದಿಗಳನ್ನು ಪೋಷಿಸುವ ಹಣದಲ್ಲಿ ಮನೆಗಂದಾಯವೂ ಸೇರಿದೆ. ಬಾಡಿಗೆಯ ಕೋಣೆಯಲ್ಲಿರುವ ಗಾರೆ ಕೆಲಸದವನೂ ತನ್ನ ಬಾಡಿಗೆಯ ಮೂಲಕ ಅದನ್ನು ತೆರುತ್ತಲೇ ಇದ್ದಾನೆ. ಇನ್ನು ಲೈಸೆನ್ಸು: ಒಂದು ಯಂತ್ರದಿಂದ ಪರರಿಗೆ ಒದಗಬಹುದಾದ ಅಪಾಯ ಎಷ್ಟು ಹಿರಿದೋ ಅಷ್ಟು ಕಟ್ಟುನಿಟ್ಟಾಗಿ ಕಾನೂನು ಅದನ್ನು ಕೇಳುತ್ತದೆ. ಸಾವಿರ ಕಿಲೋಗ್ರಾಮಿನ ಕಾರಿನ ವೇಗ ಎರಡು ಪಟ್ಟಾದರೆ ಅದರ ಆಘಾತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಇಪ್ಪತ್ತು ಕಿಲೋಗ್ರಾಮಿನ ಸೈಕಲ್ಲು ಹಾಯ್ದರೆ ಮೊದಲು ಬೀಳುವವನು ಅದರ ಮೇಲಿರುವವನೇ. 2017ರ ಚಾಲನಾ ನಿಯಮಗಳು ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ವೃದ್ಧರು ಇವರ ವಿಷಯದಲ್ಲಿ ಚಾಲಕನು ವಿಶೇಷವಾದ ಎಚ್ಚರ ವಹಿಸಬೇಕೆಂದು ವಿಧಿಸಿರುವುದು ಈ ಅಸಮತೆಯನ್ನು ಅರಿತೇ. ಇಬ್ಬರೂ ಸಮಾನವಾಗಿ ತಾಳ್ಮೆ ತೋರಲಿ ಎಂಬ ಬುದ್ಧಿವಾದವನ್ನು ನಾನು ಒಪ್ಪಲಾರೆ. ಹೆಚ್ಚು ಕೊಲ್ಲಬಲ್ಲವನು ಹೆಚ್ಚು ತಾಳಬೇಕು.

ಸೈಕಲ್ಲಿನವನು ಅಂಚಿಗೆ ಒತ್ತಿಕೊಂಡು ಹೋಗಬಾರದೇಕೆ ಎಂದು ಗದರುವವರು ಆ ಅಂಚನ್ನು ಒಮ್ಮೆ ಕಾರಿನಿಂದಿಳಿದು ನೋಡಬೇಕು. ಟಾರು ಮುಗಿದು ಮಣ್ಣು ತೊಡಗುವಲ್ಲಿ ಗೇಣುದ್ದದ ತಗ್ಗು. ಮಳೆನೀರಿನ ಮೋರಿಯ ಮೇಲೆ ಹಾಸಿದ ಕಬ್ಬಿಣದ ಜಾಲರಿ, ಅದರ ಸರಳುಗಳು ರಸ್ತೆಯುದ್ದಕ್ಕೇ ಮಲಗಿದ್ದರೆ ಸೈಕಲ್ಲಿನ ತೆಳುಗಾಲಿ ನೆಟ್ಟಗೆ ಅದರೊಳಕ್ಕೆ. ಕೇಬಲ್ಲಿಗೆ ಅಗೆದು ಅರೆಬರೆ ಮುಚ್ಚಿದ ಗುಂಡಿ, ಚೆಲ್ಲಿದ ಜಲ್ಲಿ. ಆಮೇಲೆ ನಿಂತ ಕಾರುಗಳ ಸಾಲು, ಅವುಗಳ ಪೈಕಿ ಯಾವುದರ ಬಾಗಿಲು ಯಾವ ಕ್ಷಣ ತೆರೆದೀತೋ ಬಲ್ಲವರಿಲ್ಲ. ಇವನ್ನೆಲ್ಲ ತಪ್ಪಿಸಿಕೊಳ್ಳಲು ಅವನು ಒಂದು ಮೊಳ ಬಲಕ್ಕೆ ಸರಿದಿರುತ್ತಾನೆ. ಅದೇ ಗಳಿಗೆಯಲ್ಲಿ ಬೆನ್ನಿಗೆ ಬಡಿದಂತೆ ಹಾರನ್ ಕಿರುಚಿದರೆ, ಬೆಚ್ಚಿದ ಕೈಯಲ್ಲಿ ಹ್ಯಾಂಡಲ್ ಓಲಾಡಿ, ತಪ್ಪಿಸಬೇಕೆಂದಿದ್ದ ಗುಂಡಿಗೋ ಹಿಂದಿನ ವಾಹನದ ಮುಂದಕ್ಕೋ ಅವನು ವಾಲುವುದು ಸಹಜ. ನಿಂತ ಕಾರಿನ ಚಾಲಕನಿಗಂತೂ ಒಂದು ಸಣ್ಣ ಅಭ್ಯಾಸ ಸಾಕು: ಬಲಗಡೆಯ ಬಾಗಿಲನ್ನು ಎಡಗೈಯಿಂದ ತೆರೆಯುವುದು. ಆಗ ಮೈ ತಾನಾಗಿ ತಿರುಗಿ, ಕಣ್ಣು ಹಿಂದೆ ಬರುತ್ತಿರುವವರ ಮೇಲೆ ಬೀಳುತ್ತದೆ.

ಸೈಕಲ್ಲಿನವರ ತಪ್ಪುಗಳನ್ನು ಮುಚ್ಚಿಡುವ ಇಚ್ಛೆ ನನಗಿಲ್ಲ. ಹಿಂದೆ ಸೈಕಲ್ಲಿಗೆ ಪುರಸಭೆಯ ಬಿಲ್ಲೆ ಬೇಕಾಗಿತ್ತು. ರಾತ್ರಿ ದೀಪವಿಲ್ಲದೆ ಹೋದರೆ, ಡಬಲ್ ರೈಡ್ ಹೋದರೆ, ಪೊಲೀಸಿನವರು ಹಿಡಿದು ನಿಲ್ಲಿಸಿ ಚಕ್ರದ ಗಾಳಿ ಬಿಡುತ್ತಿದ್ದರು. ಆ ಭಯ ಹೋದದ್ದರೊಡನೆ ದೀಪವೂ ಹೋಯಿತು. ಒನ್‌ವೇಯಲ್ಲಿ ಎದುರಿಗೆ ಬರುವುದು, ಕೈ ತೋರದೆ ತಿರುಗುವುದು, ಫುಟ್‌ಪಾತಿನ ಮೇಲೆ ಹತ್ತಿಸಿ ಮುದುಕರನ್ನು ಗೋಡೆಗೆ ಒತ್ತುವುದು, ಭಾನುವಾರದ ಮುಂಜಾನೆ ನಂದಿಬೆಟ್ಟದ ಕಡೆಗೆ ನಾಲ್ವರು ಸಾಲಾಗಿ ರಸ್ತೆಯಗಲಕ್ಕೂ ಹರಡಿಕೊಂಡು ಹೋಗುವುದು, ಇವು ಸಲ್ಲವು. ಪಾದಚಾರಿಯ ಮುಂದೆ ಸೈಕಲ್ಲಿನವನೇ ಬಲಶಾಲಿ. ಲಾರಿಯವನಿಂದ ತಾನು ಅಪೇಕ್ಷಿಸುವ ಮರ್ಯಾದೆಯನ್ನು ಅವನು ಅಲ್ಲಿ ಸಲ್ಲಿಸಬೇಕು.

ಆದರೆ ದುಬಾರಿ ಸೈಕಲ್ಲಿನ ಹವ್ಯಾಸಿಗಳನ್ನು ಮುಂದಿಟ್ಟುಕೊಂಡು ಇಡೀ ವರ್ಗವನ್ನೇ ಹಳಿಯುವವರು, ಪತ್ರಿಕೆ ಹಾಕುವ ಹುಡುಗನನ್ನೂ ರಾತ್ರಿಪಾಳಿ ಮುಗಿಸಿದ ಕಾವಲುಗಾರನನ್ನೂ ಮರೆಯುತ್ತಾರೆ. ರಾಜ್ಯ ಸರ್ಕಾರವು 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚತೊಡಗಿತು. ಹಳ್ಳಿಯ ಹೆಣ್ಣುಮಕ್ಕಳು ಹೈಸ್ಕೂಲಿನ ಮೆಟ್ಟಿಲು ಹತ್ತಲು ಅದು ಎಷ್ಟು ನೆರವಾಯಿತೆಂಬುದನ್ನು ಕಂಡವರು ಬಲ್ಲರು. ಸೈಕಲ್ ಕೊಟ್ಟ ಸರ್ಕಾರ ಅದನ್ನು ನಿರ್ಭಯವಾಗಿ ತುಳಿಯುವ ದಾರಿಯನ್ನು ಕೊಡಲಿಲ್ಲ. ಚೀಲ ಬೆನ್ನಿಗೇರಿಸಿದ ಆ ಮಗುವಿನ ಮೊಣಕೈಯನ್ನು ಸವರಿಕೊಂಡು ಹೆದ್ದಾರಿಯಲ್ಲಿ ಬಸ್ಸು ನುಗ್ಗುವುದನ್ನು ನೋಡಿ ನನ್ನ ಉಸಿರು ಎಷ್ಟೋ ಸಲ ನಿಂತಿದೆ.

ಮೊನ್ನೆ ಬುಲ್ ಟೆಂಪಲ್ ರಸ್ತೆಯ ಏರಿನಲ್ಲಿ ಗಾರೆ ಕೆಲಸದ ಹಿರಿಯರೊಬ್ಬರು, ಹ್ಯಾಂಡಲಿಗೆ ಊಟದ ಡಬ್ಬಿ, ಕ್ಯಾರಿಯರಿಗೆ ಕರಣೆ ಬಾಂಡ್ಲಿ ಕಟ್ಟಿಕೊಂಡು, ಪೆಡಲಿನ ಮೇಲೆ ಎದ್ದು ನಿಂತು ತುಳಿಯುತ್ತಿದ್ದರು. ನಾನಿದ್ದ ಬಸ್ಸಿನ ಚಾಲಕ ಹಾರನ್ ಒತ್ತಲಿಲ್ಲ. ಗೇರು ತಗ್ಗಿಸಿ, ಅವರ ಹಿಂದೆಯೇ ನಿಧಾನವಾಗಿ ಬಂದ. ಒಳಗೆ ಯಾರೋ ಗೊಣಗಿದರು. ಅರ್ಧ ನಿಮಿಷ ಹಿಡಿದಿರಬೇಕು. ಏರು ಮುಗಿದೊಡನೆ ಹಿರಿಯರು ಎಡಕ್ಕೆ ಸರಿದು, ತಿರುಗಿ ನೋಡದೆಯೇ ಬಲಗೈಯೆತ್ತಿ ಮುಂದೆ ಹೋಗೆಂದು ಬೀಸಿದರು. ಬಸ್ಸು ಅವರಿಗೆ ಒಂದು ಮಾರು ಜಾಗ ಬಿಟ್ಟು ದಾಟಿತು. ಮುಂದಿನ ಸಿಗ್ನಲ್ಲಿನಲ್ಲಿ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ನಾವು ನಿಂತೆವು, ಸ್ವಲ್ಪ ಹೊತ್ತಿಗೆ ಅವರೂ ಬಂದು ನಮ್ಮ ಕಿಟಕಿಯ ಪಕ್ಕದಲ್ಲಿ ಒಂದು ಕಾಲೂರಿ ನಿಂತು, ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡರು.