ಶಾಲಾ ಬಸ್ಸಿಗೆ ಡ್ರೈವರ್ ಇಲ್ಲ: ಸಡಿಲಿಸಬೇಕಾದ ನಿಯಮ ಯಾವುದು?

ಡ್ರೈವರ್ ಸಿಗುತ್ತಿಲ್ಲ, ಲೈಸೆನ್ಸ್ ನಿಯಮ ಸಡಿಲಿಸಿ ಎಂಬ ಬೇಡಿಕೆ ಯಾದಗಿರಿ, ಶಹಾಪುರ, ಸುರಪುರದ ಶಾಲೆಗಳಿಂದ ಬಂದರೆ ಅಚ್ಚರಿಯೇನಿಲ್ಲ. ಆದರೆ ನಿಯಮ ಆಗಲೇ ಸಾಕಷ್ಟು ಸಡಿಲವಾಗಿದೆ. ದೇಶದಲ್ಲಿ ಸುಮಾರು 22 ಲಕ್ಷ ಚಾಲಕರ ಕೊರತೆಯಿದೆ ಎಂದ ಕೇಂದ್ರ ಸರ್ಕಾರ, ಎಂಟನೇ ತರಗತಿ ಪಾಸಾಗಿರಬೇಕೆಂಬ ಷರತ್ತನ್ನು 2019ರಲ್ಲೇ ಕೈಬಿಟ್ಟಿತು. ಓದು ಬಿಟ್ಟು ಟ್ರ್ಯಾಕ್ಟರ್ ಹತ್ತಿದ ನಮ್ಮ ಕಡೆಯ ಹುಡುಗರಿಗೆ ಅದು ಒಳ್ಳೆಯದೇ ಆಯಿತು.

2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಇನ್ನೂ ಮುಂದೆ ಹೋಯಿತು. ಒಟ್ಟು ತೂಕ 7,500 ಕಿಲೊಗಿಂತ ಕಡಿಮೆಯಿರುವ ಸಾರಿಗೆ ವಾಹನಕ್ಕೆ ಲಘು ವಾಹನದ ಲೈಸೆನ್ಸೇ ಸಾಕು ಎಂದಿತು. ಕಾಯ್ದೆಯ ಪ್ರಕಾರ ಶಾಲಾ ಬಸ್ಸೂ ಸಾರಿಗೆ ವಾಹನವೇ. ಲೈಸೆನ್ಸ್ ಮಟ್ಟಿಗೆ ಹೇಳುವುದಾದರೆ, ಕಾರು ಕಲಿತವನು ಟೆಂಪೊ ಟ್ರಾವೆಲರ್ ತುಂಬ ಮಕ್ಕಳನ್ನು ಕೂರಿಸಿಕೊಂಡು ಭೀಮಾ ಸೇತುವೆ ದಾಟಬಹುದು. ಅನುಭವದ ಷರತ್ತುಗಳು ಬೇರೆ ಇವೆ, ನಿಜ. ಅವನ್ನು ರಸ್ತೆಯಲ್ಲಿ ನಿಲ್ಲಿಸಿ ನೋಡುವವರು ಯಾರು? ಆ ತೀರ್ಪು ಹುಟ್ಟಿದ್ದು ವಿಮಾ ಪರಿಹಾರದ ತಕರಾರಿನಿಂದ, ಮಕ್ಕಳ ಪ್ರಯಾಣದ ವಿಚಾರದಿಂದಲ್ಲ.

ಅಮೆರಿಕದಲ್ಲೂ ಶಾಲಾ ಬಸ್ ಚಾಲಕರ ಕೊರತೆ ಬಿಗಡಾಯಿಸಿದಾಗ, 2022ರಲ್ಲಿ, ಬಾನೆಟ್ ಎತ್ತಿ ಎಂಜಿನ್ ಭಾಗಗಳನ್ನು ಗುರುತಿಸುವ ಪರೀಕ್ಷೆಗೆ ವಿನಾಯಿತಿ ಕೊಡಲು ರಾಜ್ಯಗಳಿಗೆ ಅವಕಾಶವಾಯಿತು. ರಸ್ತೆಯ ಮೇಲಿನ ಪರೀಕ್ಷೆಯನ್ನು ಮುಟ್ಟಲಿಲ್ಲ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬ ಈ ವಿವೇಚನೆ ನಮ್ಮಲ್ಲಿ ಕಾಣುವುದಿಲ್ಲ. ಬಸ್ಸಿನಿಂದ ಇಳಿದ ಮಗು ಬಂಪರ್‌ಗೆ ಒರಗಿದಂತೆ ಮುಂದಿನಿಂದಲೇ ರಸ್ತೆ ದಾಟುತ್ತದೆ. ಎತ್ತರದ ಸೀಟಿನಲ್ಲಿ ಕೂತವನಿಗೆ ಅದರ ತಲೆಯೂ ಕಾಣುವುದಿಲ್ಲ. ಟೊಮೆಟೊ ಸಾಗಿಸುವವನಿಗೆ ಈ ಎಚ್ಚರ ಬೇಕಿಲ್ಲ. ಆದ್ದರಿಂದ ಮಕ್ಕಳನ್ನು ಒಯ್ಯುವವನ ಲೈಸೆನ್ಸಿಗೆ, ವಾಹನ ಚಿಕ್ಕದಿರಲಿ ದೊಡ್ಡದಿರಲಿ, ಪ್ರತ್ಯೇಕ ಕಿರು ಪರೀಕ್ಷೆಯ ಮುದ್ರೆ ಬೀಳಲಿ.

ದೊಡ್ಡ ಬಸ್ಸಿನ ಕಥೆ ಬೇರೆ. ಲಘು ವಾಹನದ ಲೈಸೆನ್ಸ್ ಪಡೆದು ವರ್ಷ ಕಾಯಬೇಕು, ಡ್ರೈವಿಂಗ್ ಸ್ಕೂಲಿನ ಪ್ರಮಾಣಪತ್ರ ತರಬೇಕು, ಆರ್‌ಟಿಒ ಕಚೇರಿಗೆಂದು ಯಾದಗಿರಿಗೆ ಓಡಾಡಬೇಕು. ಹುಣಸಗಿ ಕಡೆಯವನಿಗೆ ಪ್ರತಿ ಸಲವೂ ಒಂದು ದಿನದ ಕೂಲಿ ಹೋಯಿತೆಂದೇ ಲೆಕ್ಕ. ಮಾನ್ಯತೆ ಪಡೆದ ತರಬೇತಿ ಕೇಂದ್ರದಲ್ಲಿ ಪಾಸಾದವರಿಗೆ ಆರ್‌ಟಿಒ ಚಾಲನಾ ಪರೀಕ್ಷೆಯಿಂದ ವಿನಾಯಿತಿ ಕೊಡುವ ನಿಯಮ 2021ರ ಜುಲೈನಿಂದಲೇ ಜಾರಿಯಲ್ಲಿದೆ. ಭಾರಿ ವಾಹನಕ್ಕೆ ಆರು ವಾರ, 38 ಗಂಟೆಗಳ ಪಾಠ. ಇಂಥ ತರಬೇತಿ ಶಹಾಪುರ, ಸುರಪುರದ ಹುಡುಗರ ಕೈಗೆಟುಕುವಂತೆ ಮಾಡಲು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಹಣ ಕೊಡಬಹುದು. ಕಲಿಸಲು ಸಾರಿಗೆ ನಿಗಮದ ನಿವೃತ್ತ ಚಾಲಕರಿದ್ದಾರೆ. ಕಣ್ಣು, ರಕ್ತದೊತ್ತಡ ಸರಿಯಿದ್ದವರನ್ನು ಶಾಲೆಗಳೂ ಕರೆಯಬಹುದು.

ಶಾಲೆಗಳ ಪಾಲೂ ಇದೆ. ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ಸ್ಟೀರಿಂಗ್. ನಡುವೆ ಗಿಡಕ್ಕೆ ನೀರು, ಗೇಟು ಕಾಯುವುದು. ಏಪ್ರಿಲ್, ಮೇ ಬಂದರೆ ಸಂಬಳವಿಲ್ಲ. ಭಾರಿ ವಾಹನದ ಲೈಸೆನ್ಸ್ ಇರುವವನು ಹೀಗೆ ಎರಡು ತಿಂಗಳು ಬರಿಗೈಲಿ ಕೂರುವುದಿಲ್ಲ, ಲಾರಿ ಹತ್ತಿ ಬೆಂಗಳೂರಿಗೋ ಸೊಲ್ಲಾಪುರಕ್ಕೋ ಹೋಗುತ್ತಾನೆ. ಪಾಲಕರಿಂದ ವರ್ಷಪೂರ್ತಿ ವಾಹನ ಶುಲ್ಕ ಪಡೆಯುವ ಶಾಲೆಗಳು ಚಾಲಕನಿಗೂ ಹನ್ನೆರಡು ತಿಂಗಳ ಸಂಬಳ ಕೊಡಬೇಕೆಂಬ ಷರತ್ತನ್ನು ಶಾಲಾ ವಾಹನದ ಪರವಾನಗಿಗೇ ಸೇರಿಸಲಿ.