ತಟ್ಟೆ ನಮ್ಮದು, ಬೀಗ ಯಾರದು?

ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬರು ಕೆಲವು ವರ್ಷಗಳ ಹಿಂದೆ ಅಮೆರಿಕೆಯಿಂದ ಬಂದಾಗ, ಭೌತವಿಜ್ಞಾನದ ಪ್ರಯೋಗಗಳನ್ನು ಚಿತ್ರಿಸಿದ ಎರಡು ಡಿ.ವಿ.ಡಿ. ತಟ್ಟೆಗಳನ್ನು ನಮ್ಮ ವಿಭಾಗಕ್ಕೆ ಕಾಣಿಕೆಯಾಗಿ ತಂದುಕೊಟ್ಟರು. ವಿಭಾಗದ ಗಣಕಯಂತ್ರದಲ್ಲಿ ಮೊದಲನೆಯ ತಟ್ಟೆಯನ್ನು ಇಟ್ಟೊಡನೆ, ಇದು 1ನೆಯ ವಲಯದ ತಟ್ಟೆ, ನಿಮ್ಮ ಡ್ರೈವ್ 5ನೆಯ ವಲಯಕ್ಕೆ ಸೇರಿದೆ, ಬದಲಾಯಿಸಬೇಕೆ ಎಂಬರ್ಥದ ಪ್ರಶ್ನೆಯೊಂದು ತೆರೆಯ ಮೇಲೆ ಮೂಡಿತು. ಬದಲಾಯಿಸಿದೆವು. ಮರುವಾರ ಕನ್ನಡ ಸಂಘದವರು ಬೆಂಗಳೂರಿನಲ್ಲಿ ಕೊಂಡ ಚಲನಚಿತ್ರವೊಂದನ್ನು ತೋರಿಸಲು ಅದನ್ನು ಮತ್ತೆ 5ಕ್ಕೆ ತಿರುಗಿಸಿದರು. ನಾವು ಪುನಃ 1 ಮಾಡಿದೆವು. ಅವರು ಪುನಃ 5 ಮಾಡಿದರು. ಪ್ರತಿಸಲವೂ ತೆರೆಯ ಕೆಳಗಡೆ ಸಣ್ಣ ಅಕ್ಷರಗಳಲ್ಲಿ ಒಂದು ಸಂಖ್ಯೆ ಇಳಿಯುತ್ತ ಬಂದುದನ್ನು ಯಾರೂ ಗಮನಿಸಲಿಲ್ಲ. ವಲಯವನ್ನು ಒಟ್ಟು ಐದು ಸಲ ಮಾತ್ರ ಗೊತ್ತುಪಡಿಸಬಹುದು. ಆ ಐದೂ ಮುಗಿದಿದ್ದುವು. ತಟ್ಟೆಯಲ್ಲಿ ಗೀರಿಲ್ಲ, ಯಂತ್ರದಲ್ಲಿ ದೋಷವಿಲ್ಲ. ಆದರೂ ಆ ಡ್ರೈವ್ ಇನ್ನು ತನ್ನ ಆಯುಷ್ಯವಿರುವವರೆಗೆ ಅಮೆರಿಕೆಯ ತಟ್ಟೆಯನ್ನು ಒಪ್ಪುವಂತಿರಲಿಲ್ಲ.

‘ಮನೆಯ ಗಣಕಯಂತ್ರದಲ್ಲಿ ಡಿ.ವಿ.ಡಿ. ನೋಡಲು ಯಾವ ತಂತ್ರಾಂಶ ಒಳ್ಳೆಯದು ಸಾರ್?’ ಎಂದು ವಿದ್ಯಾರ್ಥಿಗಳು ಇಂದಿಗೂ ಕೇಳುವುದುಂಟು. ಚಲನಚಿತ್ರಗಳು ಅಂತರಜಾಲದಲ್ಲಿ ಹರಿದುಬರುವ ಈ ಕಾಲದಲ್ಲಿ ಇದು ಹಳೆಯ ಪ್ರಶ್ನೆಯೆಂದು ತೋರಬಹುದು. ಆದರೆ ಎಷ್ಟೋ ಮನೆಗಳ ಅಲಮಾರಿನಲ್ಲಿ ತಟ್ಟೆಗಳ ಕಟ್ಟು ಇನ್ನೂ ಇದೆ. ಕೇಳುವವರಿಗೆ ಅದನ್ನು ನೋಡುವ ಆಸೆಯೂ ಇದೆ. ಸಾಮಾನ್ಯವಾಗಿ ಈ ಪ್ರಶ್ನೆಗೆ ಬರುವ ಉತ್ತರಗಳೆಲ್ಲ ಬೆಲೆಯನ್ನೊ ಅಂದವನ್ನೊ ಕುರಿತವು. ನನ್ನ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದುದು ಬೇರೆ: ಈ ತಂತ್ರಾಂಶ ಯಾರ ಅಪ್ಪಣೆಯಂತೆ ನಡೆಯುತ್ತದೆ? ಎದುರಿಗೆ ಕುಳಿತ ನನ್ನದೊ, ಕಾಣದಿರುವ ಮತ್ತೊಬ್ಬರದೊ? ಇದು ವಿಪರೀತವಾದ ಪ್ರಶ್ನೆಯೆಂದು ಎನಿಸಿದರೆ, ತಟ್ಟೆಯ ಒಳಗೇನಿದೆಯೆಂಬುದನ್ನು ತುಸು ನೋಡೋಣ.

ಡಿ.ವಿ.ಡಿ. 1996ರ ನವೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದಿತು. 12 ಸೆಂಟಿಮೀಟರ್ ವ್ಯಾಸದ ಈ ತಟ್ಟೆಯಲ್ಲಿ ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುವ ಸಾಲೊಂದಿದೆ; ಸಾಲಿನ ಎರಡು ಸುತ್ತುಗಳ ನಡುವಣ ಅಂತರ 0.74 ಮೈಕ್ರಾನ್. ಎಂದರೆ ಒಂದು ಮಿಲಿಮೀಟರಿನೊಳಗೆ ಸುಮಾರು 1350 ಸುತ್ತುಗಳು. 650 ನ್ಯಾನೋಮೀಟರ್ ಅಲೆಯುದ್ದದ ಕೆಂಪು ಲೇಸರ್ ಕಿರಣವು ಸಾಲಿನ ಗುಳಿಗಳನ್ನು ತಡವುತ್ತ ಸಾಗಿ ಸೊನ್ನೆ-ಒಂದುಗಳನ್ನು ಓದುತ್ತದೆ. ಒಂದು ಪದರದ ತಟ್ಟೆಯಲ್ಲಿ 470 ಕೋಟಿ ಬೈಟುಗಳಿಗೆ ಸ್ಥಳವಿದೆ.

ಇದು ಸಾಲದು ಎಂದರೆ ನೀವು ಆಶ್ಚರ್ಯಪಡಬಹುದು. ಲೆಕ್ಕ ಹಾಕಿ. ನಮ್ಮ ದೇಶದ ಟೆಲಿವಿಷನ್ ಪದ್ಧತಿಗೆ ಹೊಂದುವ ತಟ್ಟೆಯಲ್ಲಿ ಒಂದು ಚಿತ್ರಕ್ಕೆ ಅಡ್ಡಲಾಗಿ 720, ಉದ್ದಕ್ಕೆ 576 ಬಿಂದುಗಳು; ಒಟ್ಟು 4,14,720. ಬಣ್ಣ ಸೇರಿ ಬಿಂದುವೊಂದಕ್ಕೆ ಸರಾಸರಿ 12 ಬಿಟ್. ಸೆಕೆಂಡಿಗೆ 25 ಚಿತ್ರಗಳು. ಗುಣಿಸಿದರೆ ಸೆಕೆಂಡಿಗೆ 12.4 ಕೋಟಿ ಬಿಟ್ ಆಗುತ್ತದೆ. ಈ ವೇಗದಲ್ಲಿ ಸುರಿದರೆ ಇಡೀ ತಟ್ಟೆ ಐದು ನಿಮಿಷಗಳಲ್ಲಿ ಬರಿದಾಗುವುದು! ಎರಡೂವರೆ ಗಂಟೆಯ ಚಿತ್ರವನ್ನು ಅದರೊಳಗೆ ತುಂಬಲು ಎಂಪೆಗ್-2 ಎಂಬ ಮಿತವ್ಯಯದ ಉಪಾಯವನ್ನು ಬಳಸಿದರು. ಸುಮಾರು ಅರ್ಧ ಸೆಕೆಂಡಿಗೊಮ್ಮೆ ಮಾತ್ರ ಒಂದು ಪೂರ್ಣಚಿತ್ರ. ನಡುವಿನ ಚಿತ್ರಗಳಲ್ಲಿ ಏನು ಬದಲಾಯಿತೆಂಬುದಷ್ಟನ್ನೆ ಬರೆಯುವುದು. ಹೀಗೆ ಮಡಿಸಿಟ್ಟುದನ್ನು ಬಿಡಿಸಿ ತೆರೆಯ ಮೇಲೆ ಹಾಸುವುದೆ ನಾವು ಆರಿಸಬೇಕಾದ ತಂತ್ರಾಂಶದ ಮೊದಲ ಕೆಲಸ.

ಈ ಕೆಲಸದಲ್ಲಿ ಗುಟ್ಟೇನೂ ಇಲ್ಲ. ಎಂಪೆಗ್-2 ಪ್ರಕಟಿತವಾದ ಮಾನದಂಡ. ಅದರ ಮೇಲಿದ್ದ ಅಮೆರಿಕೆಯ ಪೇಟೆಂಟುಗಳಲ್ಲಿ ಕೊನೆಯದು 2018ರ ಫೆಬ್ರವರಿಯಲ್ಲಿ ಮುಗಿಯಿತು. ಒಂದೇ ಬಿಟ್ಟುಗಳನ್ನು ಒಂದೇ ನಿಯಮದಂತೆ ಬಿಡಿಸಿದರೆ ಎಲ್ಲ ತಂತ್ರಾಂಶಗಳಿಗೂ ಬರುವ ಚಿತ್ರ ಬಹುಮಟ್ಟಿಗೆ ಒಂದೆ. ಆದುದರಿಂದ ‘ನಮ್ಮದರಲ್ಲಿ ಚಿತ್ರ ಹೆಚ್ಚು ಸ್ಪಷ್ಟ’ ಎಂಬ ಜಾಹೀರಾತನ್ನು ಅನುಮಾನದಿಂದಲೆ ಓದಬೇಕು.

ವ್ಯತ್ಯಾಸ ನಿಜವಾಗಿ ಕಾಣುವ ಸ್ಥಳವೊಂದಿದೆ. ಟೆಲಿವಿಷನ್ ಕ್ಯಾಮರಾಗಳು ಬಹುಕಾಲ ಸೆಕೆಂಡಿಗೆ 25 ಪೂರ್ಣಚಿತ್ರಗಳ ಬದಲು 50 ಅರ್ಧಚಿತ್ರಗಳನ್ನು ತೆಗೆಯುತ್ತಿದ್ದುವು: ಒಮ್ಮೆ ಬೆಸಸಾಲುಗಳು, ಸೆಕೆಂಡಿನ ಐವತ್ತನೆಯ ಒಂದು ಭಾಗ ಕಳೆದು ಸಮಸಾಲುಗಳು. ಹಳೆಯ ಟಿ.ವಿ. ಪೆಟ್ಟಿಗೆಗೆ ಇದು ಒಗ್ಗುತ್ತಿತ್ತು. ಗಣಕಯಂತ್ರದ ತೆರೆ ಎರಡನ್ನೂ ಒಟ್ಟಿಗೆ ತೋರಿಸಿದರೆ, ಅಷ್ಟರಲ್ಲಿ ಚಲಿಸಿದ ವಸ್ತುವಿನ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿ ಕಾಣುತ್ತದೆ. ಮದುವೆಯ ಅಥವಾ ಯಕ್ಷಗಾನದ ಚಿತ್ರಣದಲ್ಲಿ ಕೈ ಬೀಸಿದೊಡನೆ ಅದು ಜಾಲರಿಯಾಗುವುದನ್ನು ನೀವು ನೋಡಿರಬಹುದು. ಒಳ್ಳೆಯ ತಂತ್ರಾಂಶದಲ್ಲಿ ಇದನ್ನು ಸರಿಪಡಿಸುವ ಡಿಇಂಟರ್‌ಲೇಸ್ ಎಂಬ ಸೌಕರ್ಯವಿರುತ್ತದೆ. ತಾನಾಗಿ ಕೆಲಸ ಮಾಡದಿದ್ದರೆ ಕೈಯಾರೆ ಹಾಕಬೇಕು. ಫಿಲ್ಮಿನಿಂದ ಇಳಿಸಿದ ಚಲನಚಿತ್ರಗಳಿಗೆ ಸಾಮಾನ್ಯವಾಗಿ ಈ ತೊಂದರೆಯಿಲ್ಲ. ಅವುಗಳಲ್ಲಿ ಬೇರೊಂದು ಸ್ವಾರಸ್ಯವಿದೆ: ಸೆಕೆಂಡಿಗೆ 24 ಚಿತ್ರಗಳ ಫಿಲ್ಮನ್ನು 25ರ ವೇಗದಲ್ಲಿ ಓಡಿಸುವುದರಿಂದ 150 ನಿಮಿಷಗಳ ಚಿತ್ರ ತಟ್ಟೆಯಲ್ಲಿ 144 ನಿಮಿಷಗಳಿಗೆ ಮುಗಿಯುತ್ತದೆ. ಕತ್ತರಿಸಿದ್ದಾರೆಂದು ಅಂಗಡಿಯವನೊಡನೆ ಜಗಳವಾಡಿದವರುಂಟು!

ಇನ್ನು ಬೀಗದ ವಿಷಯ. ಮಾರಾಟದ ತಟ್ಟೆಗಳಲ್ಲಿ ಬಹಳಷ್ಟನ್ನು ಸಿ.ಎಸ್.ಎಸ್. ಎಂಬ ಗುಪ್ತಲಿಪಿಯಲ್ಲಿ ಕಲಕಿ ಬರೆದಿರುತ್ತಾರೆ. ಬ್ಯಾಂಕಿನ ಲಾಕರಿಗೆ ಗಿರಾಕಿಯ ಕೀಲಿಕೈಯೂ ಬ್ಯಾಂಕಿನವರ ಕೀಲಿಕೈಯೂ ಎರಡೂ ಬೇಕಾಗುವಂತೆ, ಇಲ್ಲಿ ತಟ್ಟೆಯಲ್ಲಿ ಅಡಗಿಸಿಟ್ಟ ಕೀಲಿಯೂ ತಂತ್ರಾಂಶಕ್ಕೆ ಕೊಟ್ಟ ಕೀಲಿಯೂ ಕೂಡಿದರೆ ಮಾತ್ರ ಚಿತ್ರ ಬಿಚ್ಚಿಕೊಳ್ಳುತ್ತದೆ. ಆ ಎರಡನೆಯ ಕೀಲಿ ಬೇಕಾದ ಕಂಪೆನಿ ಕರಾರಿಗೆ ಸಹಿ ಹಾಕಬೇಕು. ಕರಾರಿನಂತೆ ನಡೆಯುವ ತಂತ್ರಾಂಶ ವಲಯದ ನಿಯಮವನ್ನು ಪಾಲಿಸುತ್ತದೆ. ಜಗತ್ತನ್ನು ಆರು ವಲಯಗಳಾಗಿ ಹಂಚಿ, ಭಾರತವನ್ನು ರಷ್ಯ ಮತ್ತು ಆಫ್ರಿಕದ ಬಹುಭಾಗದೊಡನೆ ಐದನೆಯದರಲ್ಲಿ ಇರಿಸಿದ್ದಾರೆ. ತಟ್ಟೆ ಮಾಡಿದವನು ‘ಇದನ್ನು ದಾಟಿಸಬೇಡ’ ಎಂದು ಗುರುತು ಹಾಕಿದ ಭಾಗವನ್ನು ದಾಟಿಸಲು ನೀವು ಗುಂಡಿ ಒತ್ತಿದರೂ ಅದು ಒಪ್ಪುವುದಿಲ್ಲ. ಕೃತಿಸ್ವಾಮ್ಯದ ಎಚ್ಚರಿಕೆಯನ್ನು ಪ್ರತಿಸಲವೂ ಪೂರ್ತಿಯಾಗಿ ಓದಿಸಿಕೊಂಡೆ ಬಿಡುತ್ತದೆ. ಅದನ್ನು ಓದಬೇಕಾದ ಕಳ್ಳ ಓದುವುದಿಲ್ಲ. ಹಣ ಕೊಟ್ಟು ಕೊಂಡವನು ನೂರು ಸಲ ಓದುತ್ತಾನೆ.

ಈ ಬೀಗ ಭದ್ರವಾದುದೂ ಅಲ್ಲ. ಕೀಲಿಯ ಉದ್ದ ಕೇವಲ 40 ಬಿಟ್. ಎಂದರೆ ಸಾಧ್ಯವಾದ ಕೀಲಿಗಳು ಸುಮಾರು 1.1 ಲಕ್ಷ ಕೋಟಿ. ಸೆಕೆಂಡಿಗೆ ಹತ್ತು ಲಕ್ಷದಂತೆ ಒಂದೊಂದನ್ನೆ ಪರೀಕ್ಷಿಸಿದರೂ ಹದಿಮೂರು ದಿನಗಳೊಳಗೆ ಎಲ್ಲವೂ ಮುಗಿಯುತ್ತವೆ. ರಚನೆಯಲ್ಲಿನ ದೌರ್ಬಲ್ಯವನ್ನು ಬಲ್ಲವನಿಗೆ ಅಷ್ಟು ಶ್ರಮವೂ ಬೇಡ. 1999ರಲ್ಲಿ ನಾರ್ವೆಯ ಹದಿನೈದು ವರ್ಷದ ಹುಡುಗ ಯೋನ್ ಲೆಕ್ ಯೋಹಾನ್ಸನ್, ಹೆಸರು ಹೊರಬಾರದ ಇನ್ನಿಬ್ಬರೊಡನೆ ಸೇರಿ, ಈ ಬೀಗವನ್ನು ಬಿಡಿಸುವ ಡಿ.ಸಿ.ಎಸ್.ಎಸ್. ಎಂಬ ಪುಟ್ಟ ತಂತ್ರಾಂಶವನ್ನು ಹೊರತಂದನು. ಲಿನಕ್ಸ್ ಬಳಸುವವರಿಗೆ ಆಗ ಪರವಾನಗಿ ಪಡೆದ ತಂತ್ರಾಂಶ ದೊರೆಯುತ್ತಿರಲಿಲ್ಲವೆಂಬುದು ಅವನ ವಾದ. ಅವನ ಮೇಲೆ ಮೊಕದ್ದಮೆ ನಡೆಯಿತು. ಆಸ್ಲೋ ನಗರದ ನ್ಯಾಯಾಲಯ 2003ರ ಜನವರಿಯಲ್ಲಿ ಅವನನ್ನು ಬಿಡುಗಡೆ ಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮೇಲ್ಮನವಿಯ ತೀರ್ಪೂ ಅವನ ಪರವಾಗಿಯೆ ಬಂದಿತು.

ಇದನ್ನು ಓದಿದ ಹಿರಿಯರೊಬ್ಬರು, ಉಪನ್ಯಾಸಕರೆ ಬೀಗ ಒಡೆಯುವುದನ್ನು ಕಲಿಸುತ್ತಿದ್ದಾರೆಂದು ಆಕ್ಷೇಪಿಸಬಹುದು. ಆಕ್ಷೇಪಣೆ ಹಗುರವಾದುದಲ್ಲ. ಚಿತ್ರ ತೆಗೆದವರ ಅನ್ನ ಅದರಲ್ಲಿದೆ. ತಟ್ಟೆಯನ್ನು ಪ್ರತಿಮಾಡಿ ಹಂಚುವುದನ್ನು ನಾನು ತಪ್ಪೆಂದೆ ಎಣಿಸುತ್ತೇನೆ, ಹಂಚುವವನು ನನ್ನ ವಿದ್ಯಾರ್ಥಿಯಾದರೂ ಸರಿಯೆ. ಆದರೆ ಕಾರ್ಖಾನೆಯಲ್ಲಿ ಅಚ್ಚೊತ್ತುವ ಕಳ್ಳನು ಬೀಗಸಹಿತವಾಗಿ ಇಡೀ ತಟ್ಟೆಯನ್ನೆ ಅಚ್ಚೊತ್ತಬಲ್ಲನು. ಅವನಿಗೆ ಈ ಬೀಗ ಅಡ್ಡಿಯೇ ಅಲ್ಲ. ಅಡ್ಡಿಯಾಗುವುದು ಬೇರೆ ಊರಿನಲ್ಲಿ ಕೊಂಡು ತಂದವನಿಗೆ, ಬೇರೆ ಬಗೆಯ ಗಣಕಯಂತ್ರವಿರುವವನಿಗೆ. ಕಾನೂನಿನ ಪಂಡಿತ ನಾನಲ್ಲವಾದರೂ ಒಂದು ಸಂಗತಿಯನ್ನು ಹೇಳಬಲ್ಲೆ. ಅಮೆರಿಕೆಯ 1998ರ ಕಾಯಿದೆ ಇಂಥ ಬೀಗವನ್ನು ತಪ್ಪಿಸುವುದನ್ನೆ ಬಿಗಿಯಾಗಿ ನಿಷೇಧಿಸುತ್ತದೆ. ನಮ್ಮ ಕೃತಿಸ್ವಾಮ್ಯದ ಕಾಯಿದೆಗೆ 2012ರ ತಿದ್ದುಪಡಿಯಲ್ಲಿ ಸೇರಿದ 65ಎ ವಿಧಿ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ತಪ್ಪಿಸಿದವನಿಗೆ ಎರಡು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುತ್ತದೆ. ‘ಉದ್ದೇಶದಿಂದ’ ಎಂಬ ಆ ಒಂದು ಪದ ನನಗೆ ವಿವೇಕದ ಪದವಾಗಿ ಕಾಣುತ್ತದೆ.

ಹೀಗೆ ನನ್ನ ಆಯ್ಕೆ ವಿ.ಎಲ್.ಸಿ. ಇದು 1996ರಲ್ಲಿ ಪ್ಯಾರಿಸಿನ ಎಕೋಲ್ ಸೆಂತ್ರಾಲ್ ಎಂಬ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ಕೆಲಸವಾಗಿ ಹುಟ್ಟಿ, 2001ರಿಂದ ಮುಕ್ತ ತಂತ್ರಾಂಶವಾಗಿದೆ. ಅದರ ಮೂಲಲಿಪಿಯನ್ನು ಯಾರು ಬೇಕಾದರೂ ತರಿಸಿ ಓದಬಹುದು, ತಿದ್ದಬಹುದು. ಇದಕ್ಕೆ ನೆರವಾಗುವ ಲಿಬ್‌ಡಿವಿಡಿಸಿಎಸ್‌ಎಸ್ ಎಂಬ ಅಂಗ ಪರವಾನಗಿಯ ಕೀಲಿಗಾಗಿ ಕಾಯದೆ, ಬೇಕಾದರೆ ಲೆಕ್ಕದಿಂದಲೆ ಕೀಲಿಯನ್ನು ಕಂಡುಹಿಡಿಯುತ್ತದೆ. ವಿಂಡೋಸ್ ಮತ್ತು ಮ್ಯಾಕ್ ಯಂತ್ರಗಳಲ್ಲಿ ಅದು ಜೊತೆಯಲ್ಲಿಯೆ ಬರುತ್ತದೆ. ಉಬುಂಟುವಿನಲ್ಲಿ ಲಿಬ್‌ಡಿವಿಡಿ-ಪಿಕೆಜಿ ಎಂಬುದನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಇದರ ಅವಗುಣಗಳನ್ನೂ ಮುಚ್ಚಿಡಲಾರೆ. ನೋಟಕ್ಕೆ ಚೆಲುವಿಲ್ಲ. ಕೆಲವು ತಟ್ಟೆಗಳ ಆರಂಭದ ಪಟ್ಟಿಯಲ್ಲಿ ಸಿಕ್ಕಿಕೊಂಡು ಮುಂದೆ ಹೋಗದೆ ನಿಲ್ಲುವುದೂ ಉಂಟು. ಆಗ ಪಟ್ಟಿಯಿಲ್ಲದೆ ತೆರೆಯುವ ಆಯ್ಕೆಯನ್ನು ಬಳಸುತ್ತೇನೆ. ಹಣ ಕೊಟ್ಟು ಕೊಳ್ಳುವ ಪವರ್‌ಡಿವಿಡಿಯಂಥವು ಇಂಥ ವಿಷಯದಲ್ಲಿ ನಯವಾಗಿರುತ್ತವೆಂದು ಒಪ್ಪುತ್ತೇನೆ.

ಗಣಕಯಂತ್ರದೊಡನೆ ಬಂದುದೆ ಸಾಕಲ್ಲವೆ ಎನ್ನುವವರಿಗೆ ಒಂದು ಮಾತು. 2009ರ ವಿಂಡೋಸ್ 7ರ ಹಲವು ಆವೃತ್ತಿಗಳಲ್ಲಿ ಡಿ.ವಿ.ಡಿ. ನೋಡುವ ಸೌಕರ್ಯ ಅಡಕವಾಗಿದ್ದಿತು. 2012ರಲ್ಲಿ ವಿಂಡೋಸ್ 8 ಬಂದಾಗ ಮೀಡಿಯಾ ಪ್ಲೇಯರಿನಿಂದ ಅದನ್ನು ತೆಗೆದುಹಾಕಿದರು. 2015ರ ವಿಂಡೋಸ್ 10ರಲ್ಲಿ ಮೀಡಿಯಾ ಸೆಂಟರೂ ಹೋಗಿ, ಅದೇ ಕೆಲಸಕ್ಕೆ ಬೇರೊಂದು ತಂತ್ರಾಂಶವನ್ನು ಬೆಲೆಗಿಟ್ಟರು. ತಟ್ಟೆ ಬದಲಾಗಲಿಲ್ಲ, ಕೊಟ್ಟವರು ಹಿಂತೆಗೆದುಕೊಂಡರು. ಇನ್ನು ‘ಉಚಿತ ಡಿ.ವಿ.ಡಿ. ಪ್ಲೇಯರ್’ ಎಂದು ಹುಡುಕಿ ಕಣ್ಣಿಗೆ ಬಿದ್ದುದನ್ನು ತಂದುಕೊಳ್ಳುವುದಂತೂ ಬೇಡವೆ ಬೇಡ. ನನ್ನ ವಿದ್ಯಾರ್ಥಿನಿಯೊಬ್ಬಳು ಹಾಗೆ ಮಾಡಿ, ತಟ್ಟೆಗಿಂತ ಹೆಚ್ಚಾಗಿ ಜಾಹೀರಾತುಗಳನ್ನೆ ನೋಡಬೇಕಾಯಿತು. ಕೊನೆಗೆ ಯಂತ್ರವನ್ನೆಲ್ಲ ಅಳಿಸಿ ಮೊದಲಿನಿಂದ ಸಜ್ಜುಗೊಳಿಸಿದೆವು. ಅವಳ ಪ್ರಾಜೆಕ್ಟಿನ ವರದಿಯೂ ಅದರೊಡನೆ ಹೋಯಿತು. ವಿ.ಎಲ್.ಸಿ.ಯನ್ನು ಅದನ್ನು ಮಾಡುವ ವಿಡಿಯೋಲ್ಯಾನ್ ಸಂಸ್ಥೆಯ ತಾಣದಿಂದಲೆ ಇಳಿಸಿಕೊಳ್ಳಿರಿ.

ಮನೆಯಲ್ಲಿರುವ ಮದುವೆ-ಮುಂಜಿಗಳ ತಟ್ಟೆಗಳಲ್ಲಿ ಈ ಬೀಗವಿಲ್ಲ. ಅವುಗಳ ಶತ್ರು ಬೇರೆ. ಅಂಥ ತಟ್ಟೆಯಲ್ಲಿ ಅಚ್ಚೊತ್ತಿದ ಗುಳಿಗಳಿಲ್ಲ. ಲೇಸರ್ ಸುಟ್ಟು ಗುರುತು ಮಾಡಿದ ಬಣ್ಣದ ಪದರವಿದೆ. ಬಿಸಿಲು, ಸೆಕೆ, ತೇವಗಳಿಗೆ ಆ ಬಣ್ಣ ಮಾಸುತ್ತದೆ. ತೀರಿಹೋದ ಅಜ್ಜಿಯ ದನಿ ಇರುವುದು ಅದೊಂದರಲ್ಲಿಯೆ ಆಗಿದ್ದರೆ, ಯಾವ ತಂತ್ರಾಂಶದಲ್ಲಿ ನೋಡಲಿ ಎಂದು ಯೋಚಿಸುವ ಮೊದಲು ಅದರ ಕಡತಗಳನ್ನು ಹಾರ್ಡ್‌ಡಿಸ್ಕಿಗೆ ಇಳಿಸಿ, ಇನ್ನೊಂದು ಪ್ರತಿಯನ್ನು ಬೇರೆ ಮನೆಯಲ್ಲಿ ಇಡಬೇಕು.

ನಮ್ಮ ಎರಡು ತಟ್ಟೆಗಳ ಕತೆ ಹೇಳುವುದು ಉಳಿಯಿತು. ಐದು ಸಲ ಮುಗಿದ ಡ್ರೈವಿನಲ್ಲಿ ವಿ.ಎಲ್.ಸಿ.ಯೂ ಸೋತಿತು, ಕಲಕಿದ ಭಾಗವನ್ನು ಓದಿಕೊಡಲು ಆ ಡ್ರೈವೆ ಒಪ್ಪದಿದ್ದರೆ ತಂತ್ರಾಂಶ ಏನು ತಾನೆ ಮಾಡೀತು? ಗ್ರಂಥಾಲಯದ ಮೂಲೆಯಲ್ಲಿದ್ದ ಮತ್ತೊಂದು ಯಂತ್ರದಲ್ಲಿ ಕೆಲವು ನಿಮಿಷ ತಡವರಿಸಿ ಚಿತ್ರ ಬಂದಿತು. ಅಲ್ಲಿಯೆ ಮೂರು ತರಗತಿಗಳಿಗೆ ತೋರಿಸಿದೆವು. ಆ ಯಂತ್ರವೂ ಈಗ ಗುಜರಿಗೆ ಹೋಗಿದೆ. ಹೊಸದಾಗಿ ಬಂದವುಗಳಲ್ಲಿ ತಟ್ಟೆ ಇಡುವ ಬಾಗಿಲೆ ಇಲ್ಲ. ಹೊರಗಿನಿಂದ ಜೋಡಿಸುವ ಡ್ರೈವೊಂದನ್ನು ಕೊಳ್ಳಲು ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟಿದ್ದೇನೆ. ಅದು ಬಂದ ದಿನ, ಇದರ ವಲಯವನ್ನು ಯಾರೂ ಮುಟ್ಟಕೂಡದೆಂಬ ಚೀಟಿಯೊಂದನ್ನು ಮೇಲೆ ಅಂಟಿಸುವವನಿದ್ದೇನೆ.